ಕೋಟು ತೊಟ್ಟ ಅಪ್ಪ

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಫೋಟೋ ಇದೆ. ಕರಿ ಕೋಟು, ಕೊರಳಿಗೆ ಸುತ್ತಿದ ಬಿಳಿ ಬಟ್ಟೆ, ಗಲ್ಲಕ್ಕೆ ಕೈ, ನಮ್ಮನ್ನು ದಾಟಿ ಎಲ್ಲೋ ನೋಡುವ ಕಣ್ಣು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ನನಗೆ ಗೊತ್ತಿದ್ದ ಅವನ ಮುಖ ಅದೊಂದೇ. ಹೊಲಕ್ಕೆ ಹೋಗುವವನಿಗೆ ಕೋಟೆಲ್ಲಿಂದ ಬಂತೆಂದು ಕೇಳಿದರೆ, ಫೋಟೋಕ್ಕೆಂದು ಸೋಲಾಪುರದ ಸ್ಟುಡಿಯೋದವರೇ ತೊಡಿಸುತ್ತಾರೆ ಎನ್ನುತ್ತಿದ್ದಳು ಅವ್ವ. ಹಿರಿಯರನ್ನು ಪೂಜಿಸುವ ಮಹಾನವಮಿ ಅಮಾವಾಸ್ಯೆಗೆ ಗಾಜಿನ ಮೇಲೆ, ಹಣೆಗೆ ಸರಿಯಾಗಿ ವಿಭೂತಿ ಎಳೆದು ಹೋಳಿಗೆಯ ಎಡೆ ಹಿಡಿಯುತ್ತಿದ್ದೆವು. ಉಣ್ಣುವಾಗ ನಾನು ಆ ಕಣ್ಣಿಗೆ ಬೆನ್ನು ಹಾಕಿ ಕೂಡುತ್ತಿದ್ದೆ. ಒಮ್ಮೆಯೂ ನನ್ನತ್ತ ನೋಡದ ಅಪ್ಪನ ಮೇಲೆ ನನಗೆ ಸಿಟ್ಟಿತ್ತು.

ಅವ್ವ ಹೋದ ಮರುವರ್ಷ, ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವ ಮಗಳು ಮೊಬೈಲು ಹಿಡಿದು ನಗುತ್ತ ಬಂದಳು. ಅದರಲ್ಲಿ ಅಪ್ಪ. ಇನ್ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಯಾರೋ ಬರೆದ ಚಿತ್ರವಂತೆ. ಹೀಗೆ ಚಿಂತಿಸುತ್ತ ಕೂತವನು ಯಾರೆಂದು ಅಲ್ಲಿಯವರಿಗೂ ಗೊತ್ತಿಲ್ಲವಂತೆ. ಹಣೆಯ ಮೇಲೆ ವಿಭೂತಿ ಇರಲಿಲ್ಲ. ನನ್ನ ಮುಖ ನೋಡಿ ಮಗಳು ಮೊಬೈಲು ಮಗುಚಿಟ್ಟಳು.

ಅಪ್ಪನನ್ನು ಕಂಡವರಲ್ಲಿ ಉಳಿದವಳು ಅವನ ಅಕ್ಕ, ನನ್ನ ಸೋದರತ್ತೆ ಒಬ್ಬಳೇ. ಮರುದಿನವೇ ಜೇವರ್ಗಿಯ ಬಸ್ಸು ಹತ್ತಿದೆ. ಅತ್ತೆ ಏನನ್ನೂ ಮುಚ್ಚಿಡಲಿಲ್ಲ. ಅಪ್ಪ ಫೋಟೋ ತೆಗೆಸಿಕೊಂಡವನೇ ಅಲ್ಲ. ಅವನು ಸತ್ತ ವರ್ಷ, ಅಮಾವಾಸ್ಯೆ ಹತ್ತಿರ ಬಂದಾಗ, ಎಡೆ ಹಿಡಿಯಲು ಮುಖವೇ ಇಲ್ಲವೆಂದು ಅವ್ವ ಅಳುತ್ತಿದ್ದಳಂತೆ. ದೇವರ ಪಟಕ್ಕೆ ಕಟ್ಟು ಹಾಕಿಸಲು ಅವ್ವ, ಅತ್ತೆ ಇಬ್ಬರೂ ಬಜಾರಕ್ಕೆ ಹೋದರೆ, ಅಂಗಡಿಯಲ್ಲಿ ಮಾದರಿಗೆಂದು ತೂಗುಹಾಕಿದ್ದ ಕಟ್ಟಿನೊಳಗೆ ಕಪ್ಪುಬಿಳುಪಿನಲ್ಲಿ ಅಚ್ಚಾದ ಈ ಚಿತ್ರ. ಅದು ಯಾರೋ ಪರದೇಶದವನದು ಎಂದು ಅಂಗಡಿಯ ಸಾಹೇಬರು ಎಷ್ಟು ಹೇಳಿದರೂ ಅವ್ವ ಕದಲಲಿಲ್ಲ.

“ಇರ್ಲಿ ಬಿಡ್ರಿ. ನಮ್ಮವ್ರೂ ಹಿಂಗ ಗಲ್ಲಕ್ಕ ಕೈ ಹಚ್ಚಿ ಕೂಡ್ತಿದ್ರು,” ಎಂದಳಂತೆ.

ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನಗೆ ಬೇಕಿದ್ದದ್ದೇ ಬೇರೆ.

“ಅತ್ತಿ, ನಮ್ಮಪ್ಪ ಖರೇನ ಹೆಂಗಿದ್ದ?”

ಅದೇನು ದೊಡ್ಡ ಮಾತು ಎಂಬಂತೆ ಅತ್ತೆ ಕಣ್ಣು ಮುಚ್ಚಿದಳು. ಹಣೆ ಉಜ್ಜಿಕೊಂಡಳು. ಹಿತ್ತಲಲ್ಲಿ ಯಾರೋ ನೀರು ಸೇದುತ್ತಿದ್ದರು. ಕಣ್ಣು ತೆರೆದಾಗ ಅವಳ ಮುಖದಲ್ಲಿ ಹೆದರಿಕೆ ಇತ್ತು.

“ಆ ಕೋಟಿನವನ ಬರಾಕತ್ತಾನೋ ಯಪ್ಪಾ ಕಣ್ಣ ಮುಂದ. ನನ್ನ ತಮ್ಮ ಬರವಲ್ಲ.”

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

ಈ ಸಲದ ಅಮಾವಾಸ್ಯೆಗೂ ಅದೇ ಗಾಜಿನ ಮೇಲೆ ವಿಭೂತಿ ಎಳೆದೆ. ಎಡೆ ಮಾತ್ರ ಎರಡು ಹಿಡಿದೆ, ಒಂದು ಕೋಟಿನವನಿಗೆ, ಒಂದು ಅಪ್ಪನಿಗೆ. ಮೊದಲ ಸಲ ಆ ಕಣ್ಣಿಗೆ ಎದುರಾಗಿ ಕೂತು ಉಂಡೆ. ಕೋಟಿನವನ ಹಿಂದೆ ಇನ್ನೊಬ್ಬ ಗಲ್ಲಕ್ಕೆ ಕೈಯಿಟ್ಟು ಕೂತಿದ್ದ. ಕೈ ಕಾಣುತ್ತಿತ್ತು, ಮುಖ ಕಾಣಲಿಲ್ಲ.