ಹಂದಿಗೆ ಹಾಕಿದ ಹಾಡು

ಕೊರೊನಾ ಮುಗಿದ ಮರುವರ್ಷ ನಾನು ಚಳ್ಳಕೆರೆಯಲ್ಲಿ ಕಾನೂನು ನೆರವು ವಕೀಲೆಯಾಗಿದ್ದೆ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರಿಗೆ ಸರ್ಕಾರದ ಕಡೆಯಿಂದಲೇ ಒಬ್ಬರನ್ನು ನೇಮಿಸುತ್ತಾರಲ್ಲ, ಅಂಥವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಮುದ್ದೆಗೆ ಎಸರಿಟ್ಟು, ಮಕ್ಕಳ ಡಬ್ಬಿ ಕಟ್ಟಿ, ಕರಿಕೋಟನ್ನು ಚೀಲದಲ್ಲಿ ಮಡಿಚಿಟ್ಟುಕೊಂಡು ಬಸ್ಸು ಹಿಡಿಯುವುದು ನನ್ನ ದಿನದ ಕ್ರಮ. ಕೊಲೆ ಯತ್ನದಂಥ ದೊಡ್ಡ ಪ್ರಕರಣ ನನ್ನ ಪಾಲಿಗೆ ಬಂದದ್ದು ಅದೇ ಮೊದಲು.

ಆರೋಪಿ ಪರಶುರಾಂಪುರ ಕಡೆಯ ತಿಪ್ಪೇಶ. ಇಪ್ಪತ್ತೆರಡರ ಹುಡುಗ, ತಾಯಿ ಮಾರಕ್ಕನ ಜೊತೆ ಶೇಂಗಾ ಬೆಳೆಯುತ್ತಿದ್ದ. ಗಾಯಗೊಂಡವನು ಮೊಳಕಾಲ್ಮುರು ಕಡೆಯ ಕುರಿಗಾಹಿ ಓಬಣ್ಣ. ನಮ್ಮಲ್ಲಿ ಕುರಿಯವರನ್ನು ಕರೆಸಿ, ಗೊಬ್ಬರಕ್ಕೆಂದು ಬೀಳು ಹೊಲದಲ್ಲಿ ಮಂದೆ ತರುಬಿಸುತ್ತಾರೆ, ಅಂದರೆ ಕುರಿಗಳನ್ನು ರಾತ್ರಿ ಅಲ್ಲೇ ತಂಗಿಸುತ್ತಾರೆ. ತಿಪ್ಪೇಶನ ಪಕ್ಕದ ಹೊಲದವರು ಹಾಗೆ ಓಬಣ್ಣನನ್ನು ಕರೆಸಿದ್ದರು. ಒಂದು ಸಂಜೆ ತಿಪ್ಪೇಶನ ಹೊಲದ ಬದುವಿನಲ್ಲಿ ಓಬಣ್ಣ ತಲೆ ಒಡೆದು ಬಿದ್ದಿದ್ದ. ಸುತ್ತ ತಿಪ್ಪೇಶನ ಹೊರತು ಬೇರೆ ಯಾರೂ ಇರಲಿಲ್ಲ.

ಪೊಲೀಸರು ಅಲ್ಲಿಂದ ತಂದದ್ದು ಒಂದು ಜಾಲಿ ದೊಣ್ಣೆ ಮತ್ತು ಒಂದು ಮೆಮೊರಿ ಕಾರ್ಡ್. ಕಾರ್ಡಿನಲ್ಲಿ ಇದ್ದದ್ದು ಒಂದೇ ಒಂದು ರ್‍ಯಾಪ್ ಹಾಡು. ಕತ್ತಿ ಮಸೆಯುವ ಸದ್ದು, ಗುಂಡಿನ ಸದ್ದು, ಚೀರಾಟ, ನಡುನಡುವೆ ‘ಹೊಡಿ, ಬಿಡಬ್ಯಾಡ’ ಎಂಬ ಕೂಗು. ಕೊಲೆ ಯತ್ನ ಎನ್ನಬೇಕಾದರೆ ಹೊಡೆದದ್ದನ್ನು ತೋರಿಸಿದರೆ ಸಾಲದು, ಕೊಲ್ಲುವ ಉದ್ದೇಶವೂ ಇತ್ತೆಂದು ತೋರಿಸಬೇಕು. ಆ ಉದ್ದೇಶಕ್ಕೆ ಅವರು ಮುಂದಿಟ್ಟ ಸಾಕ್ಷಿ ಈ ಹಾಡು. ದಿನವಿಡೀ ಇದನ್ನೇ ಕೇಳಿ ಹುಡುಗನ ತಲೆ ಕೆಟ್ಟಿದೆ, ಹಾಡು ಹೇಳಿದಂತೆ ಮಾಡಿದ್ದಾನೆ ಎಂದು ಆರೋಪಪಟ್ಟಿ ಹೇಳುತ್ತಿತ್ತು. ಜಾಮೀನು ಸಿಗಲಿಲ್ಲ. ಸಾಬೀತಾದರೆ ಹುಡುಗನ ಹರೆಯವೆಲ್ಲ ಜೈಲಿನಲ್ಲೇ ಕಳೆಯುವುದರಲ್ಲಿತ್ತು.

ವಕೀಲರ ಕೊಠಡಿಯಲ್ಲಿ ಚಹಾ ಕುಡಿಯುವಾಗ ಎಲ್ಲರದೂ ಒಂದೇ ಮಾತು, ಈಗಿನ ಹುಡುಗರನ್ನು ಇಂಥ ಹಾಡುಗಳೇ ಹಾಳು ಮಾಡುತ್ತಿವೆ ಅಂತ. ನನಗೂ ಆ ಹಾಡು ಹಿಡಿಸಲಿಲ್ಲ. ಈಗಲೂ ಹಿಡಿಸುವುದಿಲ್ಲ.

ಜೈಲಿನಲ್ಲಿ ತಿಪ್ಪೇಶನನ್ನು ಕಂಡೆ. ಅವನು ತಲೆ ಎತ್ತದೆ ಹೇಳಿದ.

“ನಾನು ಹೊಡೀಲಿಲ್ಲ ಮೇಡಂ. ಹಾರ್ನ್ ಬಿತ್ತು.”

“ಯಾವ ಹಾರ್ನು?”

“ಹಾಡು ಹಾಕಿದ್ನಲ್ಲ, ಅದೇ ಕಂಬದ ಮೇಲಿನ ಹಾರ್ನು. ಪೊಲೀಸ್ರಿಗೂ ಹೇಳ್ದೆ. ಹಾಡು ಕೇಳಿದ್ರು, ನನ್ ಮಾತು ಕೇಳ್ಲಿಲ್ಲ.”

ಆ ಭಾನುವಾರ ಅವರ ಹಳ್ಳಿಗೆ ಹೋದೆ. ಮಾರಕ್ಕ ಅಂಗಳದಲ್ಲಿ ಕೂತು ಶೇಂಗಾ ಕಾಯಿ ಬಿಡಿಸುತ್ತಿದ್ದಳು. ಹಾಡಿನ ಮಾತೆತ್ತಿದ್ದೇ ತಡ, ಅವಳಿಗೆ ಸಿಟ್ಟು ಬಂತು.

“ಅದು ನನ್ ಮಗ ಕೇಳಾಕೆ ಹಾಕಿದ್ದಲ್ಲವ್ವ. ಕಾಡುಹಂದಿ ಕೇಳ್ಲಿ ಅಂತ ಹಾಕಿದ್ದು. ಮೊದ್ಲು ಭಜನೆ ಹಾಕಿದ್ವಿ. ಎಲ್ಡು ದಿನ ಹೆದರಿದ್ವು, ಆಮೇಲೆ ಭಜನೆ ಕೇಳ್ತಾ ಕೇಳ್ತಾನೇ ಕಾಯಿ ತಿಂದ್ವು. ಸಿನಿಮಾ ಹಾಡಿಗೂ ಅಷ್ಟೆಯಾ. ಈ ಕಿರುಚಾ ಹಾಡಿಗೆ ಮಾತ್ರ ಓಡೋದ್ವು ನೋಡು. ಅವ್ನು ಕಿವಿಗೆ ಹತ್ತಿ ಇಟ್ಕಂಡು ಮಲಗ್ತಿದ್ದ.”

“ಕಂಬ ಅಷ್ಟು ಸುಲಭಕ್ಕೆ ಹೇಗೆ ಬಿತ್ತು ಮಾರಕ್ಕ? ಹೂಳಿರಲಿಲ್ವಾ?”

“ಹೂಳಿದ್ರೆ ಕೆಟ್ವಿ. ಒಂದೇ ಕಡೆಯಿಂದ ಸದ್ದು ಬಂದ್ರೆ ಹಂದಿ ಗುರುತು ಹಿಡೀತಾವೆ. ದಿನಾ ಜಾಗ ಬದ್ಲಾಯಿಸ್ಬೇಕು. ಬುಡಕ್ಕೆ ನಾಕು ಕಲ್ಲು ಒತ್ತಿ ನಿಲ್ಸಾದು, ಬೆಳಿಗ್ಗೆ ಕೀಳಾದು.”

ಅವಳು ಕರೆದುಕೊಂಡು ಹೋಗಿ ತೋರಿಸಿದಳು. ಸುತ್ತಲ ಶೇಂಗಾ ಹೊಲಗಳಲ್ಲೆಲ್ಲ ಹಾಗೇ ಕಲ್ಲು ಒತ್ತಿ ನಿಲ್ಲಿಸಿದ ಕಬ್ಬಿಣದ ಪೈಪುಗಳು, ತುದಿಗೆ ತಂತಿಯಲ್ಲಿ ಬಿಗಿದ ಹಾರ್ನ್ ಸ್ಪೀಕರು, ಕೆಳಗೆ ಬ್ಯಾಟರಿ. ಒಂದನ್ನು ನಾನೇ ಅಲುಗಾಡಿಸಿ ನೋಡಿದೆ. ಕೈ ಸೋಕಿದರೆ ತೂಗುತ್ತಿತ್ತು.

“ನಿಮ್ಮ ಹಾರ್ನ್ ಈಗೆಲ್ಲಿದೆ?”

“ಅಂಗ್ಳದಾಗೇ ಐತಲ್ಲ. ಕೋಳಿಮರಿ ಮುಚ್ಚೀನಿ.”

ವಾಪಸು ಬಂದು ನೋಡಿದರೆ, ಬೋರಲು ಹಾಕಿದ ಹಾರ್ನಿನೊಳಗೆ ಮರಿಗಳು ಚಿಂವ್ ಚಿಂವ್ ಅನ್ನುತ್ತಿದ್ದವು. ತಗಡಿನ ಅಂಚು ಒಂದು ಕಡೆ ನೆಗ್ಗಿತ್ತು. ನಾನು ಅದನ್ನು ಮುಟ್ಟಲಿಲ್ಲ. ಮರಿಗಳಿಗೆ ಒಂದು ಬುಟ್ಟಿ ನೋಡಿಕೋ ಎಂದು ಮಾರಕ್ಕನಿಗೆ ಹೇಳಿ, ಮರುದಿನವೇ ಆ ಹಾರ್ನನ್ನು ನ್ಯಾಯಾಲಯ ತರಿಸಿಕೊಳ್ಳಬೇಕೆಂದು ಅರ್ಜಿ ಹಾಕಿದೆ.

ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಓಬಣ್ಣ ಕಟಕಟೆಗೆ ಬಂದಾಗ ಗಾಯ ಮಾಗಿ, ಅಲ್ಲಿ ಕೂದಲು ಬೆಳೆಯದೆ ಉಳಿದಿತ್ತು. ಏನಾಯಿತೆಂದು ಮೊದಲಿನಿಂದ ಹೇಳುವಂತೆ ಕೇಳಿದೆ.

“ಹಾಡಿಗೆ ಕುರಿ ಬೆದರಿ ದಿಕ್ಕಾಪಾಲು ಓಡ್ತಿದ್ವು ಅಮ್ಮಾ. ಬಂದ್ ಮಾಡಪ್ಪಾ ಅಂದೆ. ಕಾಯಿ ಹೋಗ್ತಾವೆ ಅಂದ. ಸಿಟ್ನಾಗೆ ನಾನೇ ಬಗ್ಗಿ ವೈರು ಹಿಡ್ದು ಜಗ್ಗಿದೆ. ತಲೆ ಮ್ಯಾಲೆ ಬಿತ್ತು.”

“ಏನು ಬಿತ್ತು?”

ಓಬಣ್ಣ ತಲೆಯ ಗಾಯದ ಗುರುತು ಸವರಿಕೊಂಡ. ಇಡೀ ಕೋರ್ಟು ಅವನ ಬಾಯಿ ನೋಡುತ್ತಿತ್ತು.

“ದೊಣ್ಣೆ ಅಂತ ಎಲ್ಲಾರೂ ಅಂದ್ರು. ನಾನು ಕಂಡಿಲ್ಲ. ಅಬದ್ಧಂ ಯಾಕೆ ಹೇಳ್ಲಿ?” ಗಡಿ ಕಡೆಯವನಾದ್ದರಿಂದ ಸುಳ್ಳಿಗೆ ಅವನ ಬಾಯಲ್ಲಿ ತೆಲುಗಿನ ಪದ ಬಂತು.

ನಂತರ ಬಂದವರು ಅವನಿಗೆ ಹೊಲಿಗೆ ಹಾಕಿದ್ದ ವೈದ್ಯರು. ಗಾಯ ಅರ್ಧಚಂದ್ರದಂತೆ ಬಾಗಿತ್ತು ಎಂದರು. ದೊಣ್ಣೆಯನ್ನೂ ಹಾರ್ನನ್ನೂ ಅವರ ಮುಂದಿಟ್ಟೆ. ಹಾರ್ನನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಚಿನ ಮೇಲೆ ಬೆರಳಾಡಿಸಿ ಹೇಳಿದರು: “ದೊಣ್ಣೆಯಿಂದ ಇಂಥ ಗಾಯ ಆಗುವುದಿಲ್ಲ. ಈ ಅಂಚು ಬಿದ್ದರೆ ಆಗುತ್ತದೆ.”

ಸರ್ಕಾರಿ ವಕೀಲರು ಆಗಲೂ ಹಾಡನ್ನು ಬಿಡಲಿಲ್ಲ. ಅದನ್ನು ಕೋರ್ಟಿನಲ್ಲೇ ಹಾಕಿಸಿದರು. ಚೀರಾಟ ಕೇಳಿ ಹಿಂದಿನ ಬೆಂಚಿನವರು ಮುಖ ಕಿವುಚಿಕೊಂಡರು. ಇಂಥದ್ದನ್ನು ಕೇಳಿದವನು ಮನುಷ್ಯನಾಗಿ ಉಳಿಯುತ್ತಾನೆಯೇ ಎಂದು ಸರ್ಕಾರಿ ವಕೀಲರು ಕೇಳಿದರು.

ನಾನು ಎದ್ದು ನಿಂತೆ. “ಸ್ವಾಮಿ, ಇದನ್ನು ಹಾಕಿದ್ದು ಹಂದಿಗಳಿಗೆ. ಅವು ಓಡಿಹೋದವು, ಯಾರ ಮೇಲೂ ಬೀಳಲಿಲ್ಲ.”

ನ್ಯಾಯಾಧೀಶರು ತಲೆ ತಗ್ಗಿಸಿ ನಕ್ಕರು. ಸರ್ಕಾರಿ ವಕೀಲರಿಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ನಾನು ಒಂದು ಮಾತು ಒಪ್ಪಿಕೊಂಡೆ. ಜಗಳಕ್ಕೆ ಕಾರಣ ಹಾಡೇ ಹೌದು, ಆದರೆ ಅದರ ಮಾತಲ್ಲ, ಅದರ ಸದ್ದು. ಅಷ್ಟೇ ಜೋರಾಗಿ ಭಜನೆ ಹಾಕಿದ್ದರೂ ಕುರಿ ಬೆದರುತ್ತಿದ್ದವು, ಓಬಣ್ಣ ವೈರು ಜಗ್ಗುತ್ತಿದ್ದ, ಕಲ್ಲು ಒತ್ತಿ ನಿಲ್ಲಿಸಿದ ಕಂಬ ಹೀಗೇ ಬೀಳುತ್ತಿತ್ತು. ಆಗ ನಾವು ಭಜನೆಯನ್ನು ಕಟಕಟೆಗೆ ತರುತ್ತಿದ್ದೆವೆಯೇ?

ತೀರ್ಪಿನ ದಿನ ಮಾರಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ‘ಖುಲಾಸೆ’ ಎಂಬ ಪದ ಬಂತು. ಅವಳಿಗೆ ಅರ್ಥವಾಗದೆ ನನ್ನ ಕೋಟು ಜಗ್ಗಿದಳು.

“ಬಿಟ್ರಾ?”

“ಪೂರ್ತಿ ಬಿಟ್ರು. ಒಂದು ಆರೋಪಾನೂ ಉಳೀಲಿಲ್ಲ.”

ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಸೆರಗು ಬಿಗಿದು, ಕಣ್ಣಿಗೆ ಮೊದಲು ಬಿದ್ದ ಪೊಲೀಸಿನವನ ಮುಂದೆ ಹೋಗಿ ನಿಂತು, “ನನ್ ಮಗ ಹೇಳಿರ್ಲಿಲ್ವೇನಪ್ಪ, ಹಾರ್ನ್ ಬಿತ್ತು ಅಂತ?” ಎಂದು ಕೇಳಿದಳು. ಆ ಪಾಪದವನಿಗೆ ಪ್ರಕರಣದ ಗಂಧಗಾಳಿಯೂ ಇರಲಿಲ್ಲ. “ಹೂಂ ಕಣಮ್ಮ, ಹೇಳಿದ್ದ” ಎಂದ.

ಹೊರಗೆ ಬೇವಿನ ಮರದ ಕೆಳಗೆ ಓಬಣ್ಣ ಬೀಡಿ ಸೇದುತ್ತ ನಿಂತಿದ್ದ. ತಿಪ್ಪೇಶ ಅವನನ್ನು ಕಂಡು ಹಿಂಜರಿದ. ಓಬಣ್ಣನೇ ಕರೆದ.

“ಬಾರಲೇ ಇಲ್ಲಿ. ಬರೋ ವರ್ಸ ನಿನ್ ಹೊಲದಾಗೇ ಮಂದೆ ತರುಬ್ತೀನಿ. ನನ್ ನಾಯಿ ಇದ್ರೆ ಯಾವ ಹಂದಿನೂ ಸನಿಯಾಕೆ ಬರಲ್ಲ. ಆ ಹಾಡು ಮಾತ್ರ ಹಾಕಬ್ಯಾಡ ಮಾರಾಯ.”

“ನನಗೂ ಅದು ಸೇರಲ್ಲ ಬಿಡಣ್ಣ” ಎಂದ ತಿಪ್ಪೇಶ. ಮಾರಕ್ಕನೂ ಸೇರಿ ಮೂವರೂ ಒಂದೇ ಬಸ್ಸು ಹತ್ತಿದರು.

ಅಂದಿನಿಂದ ಹಾಡು, ಸಿನಿಮಾ, ಮೊಬೈಲಿನ ಮೇಲೆ ಅಪರಾಧ ಹೊರಿಸಿದ ಫೈಲು ಕೈಗೆ ಬಂದರೆ ನಾನು ಮೊದಲು ಜಾಗ ನೋಡಲು ಹೋಗುತ್ತೇನೆ. ಇಂಥ ಹಾಡುಗಳಿಂದ ಯಾರ ಮನಸ್ಸೂ ಕೆಡುವುದಿಲ್ಲ ಎಂದು ನಾನು ಹೇಳಲಾರೆ, ಅದನ್ನು ಬಲ್ಲವರು ಹೇಳಲಿ. ಆದರೆ ನಮಗೆ ಹಿಡಿಸದ್ದೆಲ್ಲ ಸಾಕ್ಷಿಯಾಗುವುದಿಲ್ಲ. ಹಾಡಿಗೆ ಕಿವಿ ಮುಚ್ಚಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಎದುರಿಗೆ ನಿಂತ ಮನುಷ್ಯನ ಮಾತಿಗೆ ಕಿವಿ ಮುಚ್ಚಿಕೊಳ್ಳುವ ಹಕ್ಕು ನಮ್ಮ ವೃತ್ತಿಯಲ್ಲಿ ಯಾರಿಗೂ ಇಲ್ಲ.