ಕಾಯಿಲೆಯ ಹೆಸರು ಭಾವನಿಗೆ ಹೇಳಿದ ದಿನ

‘ಕ್ಯಾನ್ಸರ್ ಅಂತ ಮಾತ್ರ ಬಾಯ್ಬಿಡಬ್ಯಾಡ ಕಣೋ. ಕೇಳಿದ್ರೆ ಅಲ್ಲೇ ಎದೆ ಒಡ್ಕೊಂಡು ಓಗ್ಬುಡ್ತಾರೆ.’

ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ಅಕ್ಕ ಹೇಳಿದ ಮಾತಿದು.

ನನ್ನ ಭಾವ ಮುನಿಯಪ್ಪನವರು ಲಗ್ಗೆರೆಯವರು. ಹೊಲ ಫ್ಯಾಕ್ಟರಿಗೆ ಹೋದ ಮೇಲೆ ಪೀಣ್ಯದಲ್ಲೇ ಲೇತ್ ಕೆಲಸಕ್ಕೆ ಸೇರಿದರು. ಗಟ್ಟಿ ಆಳು. ದೀಪಾವಳಿಯ ಹೊತ್ತಿಗೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಆಮೇಲೆ ಅನ್ನ. ಈಗ ಹಾಲೂ ಕಷ್ಟ. ಅನ್ನನಾಳದ ಕ್ಯಾನ್ಸರ್, ಆಪರೇಷನ್ನಿನ ಹಂತ ದಾಟಿದೆ. ಮನೆಯಲ್ಲಿ ಅದಕ್ಕೆ ನಾವಿಟ್ಟ ಹೆಸರು ‘ಹುಣ್ಣು’. (ನೀವೂ ಇಟ್ಟಿರುತ್ತೀರಿ, ಯಾರದೋ ಕಾಯಿಲೆಗೆ.)

ಡಾಕ್ಟರು ನನ್ನನ್ನೂ ಅಕ್ಕನನ್ನೂ ಒಳಗೆ ಕರೆದರು. ಕರೆಂಟ್ ಕೊಡುವ ಚಿಕಿತ್ಸೆಯ, ಅಂದರೆ ರೇಡಿಯೇಷನ್ನಿನ ಜೊತೆಗೆ ಎರಡು ಹೊಸ ಔಷಧಿ ಸೇರಿಸಿ ನೋಡುತ್ತಿದ್ದಾರಂತೆ. ‘ಇದು ಟ್ರಯಲ್, ಅಂದ್ರೆ ಪ್ರಯೋಗ. ಗುಣ ಆಗುತ್ತೆ ಅಂತ ಹೇಳಲ್ಲ. ಆದರೆ ಕಾಯಿಲೆ ಏನು ಅಂತ ಅವರಿಗೆ ಗೊತ್ತಿರಬೇಕು. ಅವರೇ ಒಪ್ಪಬೇಕು’ ಎಂದರು.

‘ನನ್ ಗಂಡ ಏನು ಇಲೀನಾ ಸಾರ್?’ ಎಂದಳು ಅಕ್ಕ.

‘ಅಲ್ಲ ಅಂತಾನೇ ಅವರನ್ನ ಕೇಳ್ಬೇಕು ಅಂತಿರೋದಮ್ಮ.’

ಹೇಳುವವರು ಯಾರು? ಪೇಪರಿಗೆ ಬರೆಯುವವನು, ಮಾತು ಬಲ್ಲವನು ನಾನೇ ತಾನೇ? ಹೊರಗೆ ಬೆಂಚಿನ ಮೇಲಿದ್ದ ಭಾವನ ಪಕ್ಕ ಕೂತೆ. ಹೇಳಿಬಿಟ್ಟೆ.

ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ತಾವೇ ಎದ್ದು ಡಾಕ್ಟರ ಬಳಿ ಹೋದರು.

‘ಈ ಔಸ್ದಿಯಿಂದ್ಲೇ ಸತ್ತೋರು ಅವ್ರಾ ಸಾರ್?’

‘ಇದ್ದಾರೆ.’

‘ಬದುಕಿದೋರು?’

‘ನುಂಗೋಕೆ ಸುಲಭ ಆದವರಿದ್ದಾರೆ. ಎಷ್ಟು ದಿನಕ್ಕೆ ಅಂತ ನನಗೂ ಗೊತ್ತಿಲ್ಲ.’

‘ಗೊತ್ತಿಲ್ಲ’ ಎನ್ನುವ ಡಾಕ್ಟರನ್ನು ನೀವು ನಂಬುತ್ತೀರಾ? ನನಗಂತೂ ಆಗಲಿಲ್ಲ. ಭಾವ ಮಾತ್ರ, ‘ನೀರು ಇಳಿದ್ರೆ ಸಾಕು, ಕೊಡಿ’ ಎಂದರು.

ಕೊಟ್ಟರು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ವಾಂತಿ. ಮೈ ಸುಡುವ ಜ್ವರ. ದಿಂಬಿನ ಮೇಲೆ ಉದುರಿದ ಕೂದಲು. ಅಕ್ಕ ನನ್ನೊಡನೆ ಮಾತು ಬಿಟ್ಟಳು. ಆಫೀಸಿನಲ್ಲಿ ಫೋನ್ ಬಡಿದುಕೊಂಡರೆ ಸಾಕು, ಎತ್ತಲು ನನಗೆ ಭಯ. ಹೇಳಿದವನು ನಾನಲ್ಲವೇ?

ಮೊನ್ನೆ ಸೋಮವಾರ ಹೋದಾಗ ಭಾವ ರಾಗಿ ಗಂಜಿ ಕುಡಿಯುತ್ತಿದ್ದರು. ಒಂದೊಂದೇ ಗುಟುಕು. ಲೋಟ ಖಾಲಿಯಾಯಿತು. ಗಡ್ಡೆ ಕುಗ್ಗಿದೆ, ಮತ್ತೆ ಬೆಳೆಯಲೂಬಹುದು ಎಂದಿದ್ದಾರಂತೆ ಡಾಕ್ಟರು. ಅಕ್ಕ ನನ್ನ ಕಡೆ ನೋಡಿದಳು. ನಗಲು ಇಬ್ಬರಿಗೂ ಹೆದರಿಕೆ.

ಸಂತೋಷ ಪಡುವುದಕ್ಕೂ ಇಷ್ಟು ಧೈರ್ಯ ಬೇಕೇ?