ಮೆಟ್ಟಿಲ ಹಾಳೆಯ ಉಸ್ತಾದ್

“ಪುಸ್ತಕ ಮುಚ್ಚಿ. ನಾನು ಇಲ್ಲಿ ಇಂಗ್ಲಿಷ್ ಕಲಿಸೋದಿಲ್ಲ. ಅದನ್ನ ಕಲೀಬೇಕು ಅಂದ್ರೆ ಹತ್ತು ವರ್ಷ ಹಿಂದೆ ಬರ್ಬೇಕಿತ್ತು. ನಾನು ಕಲಿಸೋದು ಪರೀಕ್ಷೆ. ಎಂಬತ್ತು ಪ್ರಶ್ನೆ. ಒಂದೊಂದಕ್ಕೆ ನಾಲ್ಕು ಉತ್ತರ, ಮೂರು ಸುಳ್ಳು, ಒಂದು ನಿಜ. ಅರ್ಧ ಪದಗಳ ಅರ್ಥ, ಅರ್ಧ ವ್ಯಾಕರಣ. ಈ ಎಂಬತ್ತರ ಆಚೆ ಗ್ಲಾಸ್ಗೋ ಇದೆ, ಟೊರೊಂಟೊ ಇದೆ, ನಿಮ್ಮಪ್ಪ ಊರೆಲ್ಲ ಹೇಳ್ಕೊಂಡು ಬಂದಿರೋ ಇಂಜಿನಿಯರ್ ಇದಾನೆ. ಈಚೆ ನಾನಿದೀನಿ, ಈ ಮೆಟ್ಟಿಲಿದೆ. ಪರೀಕ್ಷೆ ಬರೆದೋರು ಗೇಟಿಂದ ಹೊರಗೆ ಬಂದ ಕೂಡ್ಲೆ ಸೀದಾ ಇಲ್ಲಿಗೆ ಬರ್ಬೇಕು. ಮನೆಗೆ ಹೋಗಬೇಡಿ, ನೀರು ಕುಡೀಬೇಡಿ, ದಾರೀಲಿ ಅಮ್ಮ ಸಿಕ್ಕಿದ್ರೂ ಸಲಾಂ ಹೇಳಬೇಡಿ. ಬಾಯಿ ತೆಗೆದ್ರೆ ತಲೇಲಿರೋದು ಜರಡೀಲಿ ನೀರು ಸೋರಿದ ಹಾಗೆ ಸೋರತ್ತೆ. ಒಬ್ಬೊಬ್ರು ಮೂರು ಪ್ರಶ್ನೆ ಹೊತ್ಕೊಂಡು ಬನ್ನಿ. ಮೂರೇ. ಹತ್ತು ಹೊರೋಕೆ ಹೋದವನು ಒಂದೂ ತರಲ್ಲ. ನಿಮಗಿಂತ ಮುಂಚಿನೋರು ತಂದಿಟ್ಟಿದ್ದನ್ನ ನೀವು ಉಣ್ತಿದೀರಿ. ನೀವು ತಂದಿದ್ದನ್ನ ಮುಂದಿನೋರು ಉಣ್ತಾರೆ. ಇದನ್ನ ಕಳ್ಳತನ ಅನ್ನೋನು ಇದ್ರೆ ಈಗ್ಲೇ ಎದ್ದು ಹೋಗ್ಲಿ. ಬಾಗಿಲು ತೆಗೆದೇ ಇದೆ.”

ಯಾರೂ ಎದ್ದು ಹೋಗುತ್ತಿರಲಿಲ್ಲ. ಪ್ರತಿ ಬಾರಿ ಹೊಸ ಹುಡುಗ ಹುಡುಗಿಯರು ಸೇರಿದಾಗ ಉಸ್ತಾದ್ ವಜೀಹ್ ಈ ಮಾತನ್ನು ಒಂದಕ್ಷರ ತಪ್ಪದೆ ಹೇಳುವರು. ಅವರ ಮನೆ ಮೇಲಿನ ಮಹಡಿ, ನನ್ನದು ಅದರ ಕೆಳಗಿನದು, ಮೆಟ್ಟಿಲ ನಡುವೆ. ಅವರ ಮುಂದಿನ ಕೋಣೆ ತುಂಬಿದ ಮೇಲೆ ಉಳಿದವರು ಮೆಟ್ಟಿಲ ಮೇಲೆ ಕೂರುತ್ತಿದ್ದರು, ಕೊನೆಯವರು ನನ್ನ ಹೊಸ್ತಿಲವರೆಗೆ. ಹದಿನೆಂಟು ವರ್ಷ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ನಮ್ಮ ಇರ್ಬಿದ್ ಊರಿನಲ್ಲಿ ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಯಾವ ಮನೆಯ ಮಗುವಾದರೂ ಒಮ್ಮೆ ಈ ಮೆಟ್ಟಿಲು ಹತ್ತಿಯೇ ಹೋಗಿದೆ. ಆದರೆ ಉಸ್ತಾದ್ ತಾವು ಎಲ್ಲಿಗೂ ಹೋದವರಲ್ಲ. ಇಪ್ಪತ್ತಮೂರರ ಪ್ರಾಯದಲ್ಲಿ ಅವರೂ ಇದೇ ಪರೀಕ್ಷೆ ಬರೆದು ಪಾಸಾಗಿದ್ದರು. ಇಂಗ್ಲೆಂಡಿನ ಚಳಿಗೆಂದು ಬೂದು ಬಣ್ಣದ ಉಣ್ಣೆಯ ಕೋಟು ಹೊಲಿಸಿಕೊಂಡಿದ್ದರು. ಹೊರಡಲು ಎಂಟು ದಿನವಿರುವಾಗ ತಂದೆ ಲಕ್ವಾ ಹೊಡೆದು ಹಾಸಿಗೆ ಹಿಡಿದರು. ವಜೀಹ್ ಸರಕಾರಿ ಶಾಲೆಯ ಮೇಷ್ಟರಾದರು, ಕೋಟು ಕಪಾಟು ಸೇರಿತು. ಜನವರಿಯಲ್ಲಿ ಎರಡು ದಿನ ಅದನ್ನು ಹಾಕಿಕೊಂಡು ಮೆಟ್ಟಿಲಿಳಿಯುವರು. “ಏನು ಉಸ್ತಾದ್, ಲಂಡನ್ನಿಂದ ಯಾವಾಗ ಬಂದ್ರಿ?” ಎಂದು ಬೀದಿಯ ತರಕಾರಿಯವನು ಕೆಣಕಿದರೆ, “ಈಗ ತಾನೆ ಇಳಿದೆ, ನಿನ್ನ ಬದನೆಕಾಯಿ ನೋಡಿ ವಾಪಸ್ ಹೋಗೋಣ ಅನ್ನಿಸ್ತಿದೆ” ಎನ್ನುವರು.

ಪರೀಕ್ಷೆಯ ಶನಿವಾರ ನಮ್ಮ ಕಟ್ಟಡಕ್ಕೇ ಒಂದು ಬಗೆಯ ಜ್ವರ. ಮಧ್ಯಾಹ್ನ ಹುಡುಗರು ಬಾಯಿ ಬಿಗಿದುಕೊಂಡು ಓಡಿ ಬರುತ್ತಿದ್ದರು. ಕೆಳಗಿನಿಂದ ನಾಲ್ಕನೆಯ ಮೆಟ್ಟಿಲಲ್ಲಿ ಉಸ್ತಾದ್, ತೊಡೆಯ ಮೇಲೆ ಹಲಗೆ, ಅದರ ಮೇಲೆ ಹಾಳೆ. ಒಬ್ಬೊಬ್ಬನೂ ಸಾಕ್ಷಿ ಹೇಳುವವನ ಹಾಗೆ ನಿಂತು ತನ್ನ ಮೂರನ್ನು ಹೇಳುವನು. ಇಬ್ಬರ ಮಾತು ಹೊಂದದಿದ್ದರೆ ಮೂರನೆಯವನನ್ನು ಕೇಳುವರು. ನಾನು ಘಮಘಮಿಸುವ ಮರಮಿಯ್ಯಾ ಎಲೆ ಹಾಕಿ ಚಹಾ ಕಾಸಿಟ್ಟಿರುತ್ತಿದ್ದೆ. ಹುಡುಗರಿಗೆಲ್ಲ ನಾನು ಖಾಲ್ತಿ, ಅಂದರೆ ಚಿಕ್ಕಮ್ಮ.

“ಖಾಲ್ತಿ, ಈಗ ಚಹಾ ಬೇಡ, ಪ್ರಶ್ನೆ ಸೋರತ್ತೆ!”

“ಕುಡಿಯೋ, ನಿನ್ನ ತಲೇಲಿ ಸೋರಕ್ಕೆ ಏನಿದೆ?”

ಸಂಜೆಯೊಳಗೆ ಎಂಬತ್ತೂ ಕೂಡುತ್ತಿದ್ದವು. ಉಸ್ತಾದ್ ಉತ್ತರಗಳಿಗೆ ಗುರುತು ಹಾಕುವರು. ಅದಕ್ಕೆ ಮೆಟ್ಟಿಲ ಹಾಳೆ ಎಂದು ಹೆಸರು. ಪರೀಕ್ಷೆ ನಡೆಸುವವರ ಬಳಿ ಇದ್ದದ್ದು ಆರೇ ಪ್ರಶ್ನೆಪತ್ರಿಕೆ. ತಿಂಗಳಿಗೊಂದರಂತೆ ಆರು ತಿಂಗಳಿಗೊಮ್ಮೆ ಅದೇ ಸುತ್ತಿ ಬರುತ್ತದೆ ಎಂಬುದನ್ನು ಅವರು ಎಂದೋ ಕಂಡುಹಿಡಿದಿದ್ದರು.

ಆ ಅಕ್ಟೋಬರಿನ ಶನಿವಾರ ಒಬ್ಬ ಹೊಸಬ ಬಂದ. ಮೂವತ್ತರ ಹತ್ತಿರದ ಪ್ರಾಯ, ತೊಳೆದಿಟ್ಟಂಥ ಬೂಟು. ನಮ್ಮ ಬೀದಿಯ ಧೂಳಿನಲ್ಲಿ ಅಷ್ಟು ಚೊಕ್ಕಟ ಬೂಟು ನಾನು ನೋಡಿರಲಿಲ್ಲ. ಓಡಿ ಬಂದವನಲ್ಲ, ಕಾರಿನಿಂದ ಇಳಿದವನು. ಅಜ್ಲೂನ್ ಊರಿನಿಂದ ಬಂದು ಪರೀಕ್ಷೆ ಬರೆದೆ, ಈ ಮೆಟ್ಟಿಲ ವಿಷಯ ಕೇಳಿದ್ದೆ ಎಂದ. ತನ್ನ ಸರದಿ ಬಂದಾಗ ಮೂರೂ ಪ್ರಶ್ನೆಗಳನ್ನು ನೀರು ಕುಡಿದಂತೆ ಹೇಳಿದ. ನೆನಪು ಮಾಡಿಕೊಳ್ಳುವವರು ಮೇಲೆ ನೋಡುತ್ತಾರೆ, ತಡವರಿಸುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ಹದಿನೆಂಟು ವರ್ಷದಲ್ಲಿ ನಾನು ಕಂಡ ಪ್ರತಿಯೊಬ್ಬರೂ ಹಾಗೇ. ಇವನ ಕಣ್ಣು ಮಾತ್ರ ಉಸ್ತಾದರ ಪೆನ್ನಿನ ಮೇಲೆಯೇ ಇತ್ತು.

“ನಲವತ್ತೊಂದಕ್ಕೆ ಯಾವುದು ಉಸ್ತಾದ್?” ಎಂದು ಕೇಳಿದ.

“ಎರಡನೇದು.”

“ಖಂಡಿತಾನಾ?”

“ನೀನು ಹುಟ್ಟೋಕೆ ಮುಂಚಿಂದ ಎರಡನೇದೇ.”

ಹುಡುಗರು ನಕ್ಕರು. ಅಷ್ಟರಲ್ಲಿ ಉಸ್ತಾದರ ಮಗಳು ಸನಾಬಿಲ್ ಖಾಲಿ ಲೋಟಗಳನ್ನು ತೆಗೆದುಕೊಳ್ಳಲು ಇಳಿದು ಬಂದಿದ್ದಳು. ತಾಯಿಯಿಲ್ಲದ ಒಬ್ಬಳೇ ಮಗಳು, ಹದಿನೆಂಟು ತುಂಬಿತ್ತು. ಈ ಮೆಟ್ಟಿಲಲ್ಲಿ ತೆವಳುತ್ತ ಇಂಗ್ಲಿಷ್ ಕಲಿತವಳು. ನೀರಿನ ವಿದ್ಯೆ ಓದಲು ಸ್ಕಾಟ್ಲೆಂಡಿನಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಬರುವ ಏಪ್ರಿಲಿನ ಪರೀಕ್ಷೆಯ ಫಲಿತಾಂಶ ಕಳಿಸಿದರೆ ಮುಗಿಯಿತು, ಕಳಿಸದಿದ್ದರೆ ಆ ಜಾಗ ಬೇರೆಯವರಿಗೆ. ಅವಳು ಹಾಳೆಯನ್ನು ಬಗ್ಗಿ ನೋಡಿ, “ಅದು ಮೂರನೇದಲ್ವಾ ಅಪ್ಪ?” ಎಂದಳು.

ಗುರುವನ್ನೂ ತಂದೆಯನ್ನೂ ನಾಲ್ಕು ಜನರ ಮುಂದೆ ತಿದ್ದುವುದುಂಟೆ?

“ಚಹಾ ಆರ್ತಾ ಇದೆ ಮಗಳೇ,” ಎಂದರು ಉಸ್ತಾದ್, ತಲೆಯೆತ್ತದೆ. ಅವಳ ಕಿವಿ ಕೆಂಪಾಯಿತು. ಲೋಟಗಳನ್ನು ತೆಗೆದುಕೊಂಡು ಹತ್ತಿ ಹೋದಳು. ಬೂಟಿನವನು ಅವಳು ಬಾಗಿಲು ಮುಚ್ಚುವವರೆಗೂ ನೋಡಿದ. ಆಮೇಲೆ ಹಾಳೆಯ ಒಂದು ಪ್ರತಿ ಕೇಳಿ ಪಡೆದು, ನಾಲ್ಕಾಗಿ ಮಡಚಿ, ಜೇಬಿನಲ್ಲಿಟ್ಟುಕೊಂಡು ಹೋದ. ಚಹಾ ಮುಟ್ಟಲೇ ಇಲ್ಲ.

“ಅವನು ಪರೀಕ್ಷೆ ಬರೆದವನಲ್ಲ, ಉಸ್ತಾದ್,” ಎಂದೆ ನಾನು.

“ನಿಮಗೆ ಹೇಗೆ ಗೊತ್ತು ಉಮ್ಮ್ ಫವ್ವಾಜ್? ಇಂಗ್ಲಿಷ್ ಬಂತಾ?” ಫವ್ವಾಜನ ತಾಯಿಯಾದ ನನ್ನನ್ನು ಅವರು ಕರೆಯುವುದು ಹಾಗೆ.

“ಇಂಗ್ಲಿಷ್ ಯಾರಿಗೆ ಬೇಕು? ಅವನು ಏನನ್ನೂ ಮರೀಲಿಲ್ಲ.”

ಅವರು ನಕ್ಕರು. ಆ ಚಳಿಗಾಲ ಅವನು ಮತ್ತೆ ಬರಲಿಲ್ಲ. ಆದರೆ ಯಾರೋ ಬಂದು ಉಸ್ತಾದರ ಮನೆ ಎಷ್ಟನೇ ಮಹಡಿ, ಮಗಳು ಯಾವ ಶಾಲೆ ಎಂದು ಕೇಳಿದರೆಂದು ತರಕಾರಿಯವನು ಹೇಳಿದ. ಗಂಡಿನ ಕಡೆಯವರಿರಬೇಕು ಎಂದು ಅವನ ಊಹೆ. ಗಂಡಿನ ಕಡೆಯವರಾದರೆ ಹುಡುಗಿಯ ತಾಯಿ ಯಾರು, ಅಡುಗೆ ಹೇಗೆ ಎಂದು ಕೇಳುತ್ತಾರೆ. ಮಹಡಿ ಎಷ್ಟನೆಯದು ಎಂದು ಯಾರು ಕೇಳುತ್ತಾರೆ? ಉಸ್ತಾದ್ ಮಾತ್ರ ಬೂದು ಕೋಟನ್ನು ದರ್ಜಿಗೆ ಕೊಟ್ಟು, ಹೊಲಿಗೆ ಬಿಚ್ಚಿಸಿ, ಮಗಳ ಅಳತೆಗೆ ಕತ್ತರಿಸಿ ಹೊಲಿಸಿದರು.

ಏಪ್ರಿಲಿನ ಪರೀಕ್ಷೆಗೆ, ಅಂದರೆ ಅಕ್ಟೋಬರಿನ ಪತ್ರಿಕೆಯೇ ಸುತ್ತಿ ಬರುವ ಪರೀಕ್ಷೆಗೆ, ಎರಡು ದಿನವಿರುವಾಗ ಸನಾಬಿಲ್ ನನ್ನ ಜೊತೆ ಕೂತು ಮುಲೂಖಿಯ್ಯಾ ಸೊಪ್ಪು ಬಿಡಿಸುತ್ತಿದ್ದಳು.

“ಖಾಲ್ತಿ, ಅದು ಮೂರನೇದೇ. ಶಾಲೇಲಿ ಮೂರು ಪುಸ್ತಕ ತೆಗೆದು ನೋಡಿದೆ.”

“ಹಾಗಿದ್ರೆ ಮೂರನೇದೇ ಬರಿ ತಾಯಿ.”

“ಹೊರಗೆ ಬಂದ ಕೂಡ್ಲೆ ಅಪ್ಪ ನಾಲ್ಕನೇ ಮೆಟ್ಟಿಲಲ್ಲಿ ಕೂತು ಕೇಳ್ತಾರೆ, ಎಲ್ಲರ ಮುಂದೆ. ನಲವತ್ತೊಂದು ಏನು ಬರೆದೆ ಅಂತ ಕೇಳದೇ ಇರಲ್ಲ, ಅವತ್ತಿಂದ ಅವರ ಮನಸಲ್ಲಿದೆ. ಸುಳ್ಳು ಹೇಳಕ್ಕೆ ನಂಗೆ ಬರಲ್ಲ.” ಅವಳು ಒಂದು ದಂಟನ್ನು ಮುರಿದಳು. “ಎಂಬತ್ತರಲ್ಲಿ ಒಂದು. ಹೋದ್ರೆ ಏನಾಗತ್ತೆ?”

“ಹೌದು, ಒಂದು ತಾನೆ,” ಎಂದೆ ನಾನೂ. ಹಾಗೆ ಅಂದದ್ದು ನಾನೇ.

ಶನಿವಾರ ಅವಳು ಎಲ್ಲರಿಗಿಂತ ಮೊದಲು ಬಂದಳು. ಉಸ್ತಾದ್ ಹಲಗೆ ಕೆಳಗಿಟ್ಟರು.

“ನಲವತ್ತೊಂದು?”

“ಎರಡನೇದು ಅಪ್ಪ.”

“ನೋಡಿದ್ರಾ ಉಮ್ಮ್ ಫವ್ವಾಜ್!” ಎಂದು ಅವರು ಹಿಂದಕ್ಕೆ ತಿರುಗಿ ನನ್ನನ್ನು ಕರೆದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಕಂಡೇ ಇರಲಿಲ್ಲ. ಅವಳು ಮೇಲೆ ಹೋಗುವಾಗ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

ಮೇ ತಿಂಗಳಲ್ಲಿ ಫಲಿತಾಂಶದ ಬದಲು ಕಾಗದ ಬಂತು, ಮೂವತ್ತೊಂದು ಮನೆಗಳಿಗೆ ಒಂದೇ ದಿನ. ಒಂದು ಹುಡುಗಿ ನನ್ನ ಹೊಸ್ತಿಲಲ್ಲೇ ಕೂತು ಅಳುತ್ತ ಓದಿ ಹೇಳಿದಳು. ನಲವತ್ತೊಂದನೆಯ ಪ್ರಶ್ನೆಗೆ ಮೂವತ್ತೊಂದು ಜನ ಒಂದೇ ತಪ್ಪು ಉತ್ತರ ಬರೆದಿದ್ದಾರೆ. ಅಕ್ಟೋಬರಿನಲ್ಲಿ ಪರೀಕ್ಷಾ ಕೇಂದ್ರದ ಕೈಗೆ ಸಿಕ್ಕ ಹಾಳೆಯಲ್ಲಿ ಗುರುತಾಗಿದ್ದದ್ದೂ ಅದೇ ತಪ್ಪು. ಸರಿ ಉತ್ತರಗಳು ಕಲಿತೂ ಬಂದಾವು, ಆದರೆ ಇಷ್ಟು ಜನಕ್ಕೆ ಒಂದೇ ತಪ್ಪು ಹಾಳೆಯಿಂದಲ್ಲದೆ ಬರುವುದಿಲ್ಲ. ಆದ್ದರಿಂದ ಮೂವತ್ತೊಂದೂ ರದ್ದು. ಹಾಳೆ ಮಾಡಿದವರು ಬಂದು ತಪ್ಪೊಪ್ಪಿಗೆ ಬರೆದು ಸಹಿ ಹಾಕಿದರೆ ಉಳಿದವರಿಗೆ ಇನ್ನೊಮ್ಮೆ ಬರೆಯಲು ಬಿಡುತ್ತಾರೆ. ಆದರೆ ಸಹಿ ಹಾಕಿದವರ ಮನೆಯವರು ಇನ್ನೆಂದೂ ಆ ಪರೀಕ್ಷೆಗೆ ಕೂರುವಂತಿಲ್ಲ. ಯಾರೂ ಸಹಿ ಹಾಕದಿದ್ದರೆ ಎಲ್ಲರಿಗೂ ಒಂದೇ ಶಿಕ್ಷೆ, ಒಂದು ವರ್ಷ.

ಉಸ್ತಾದ್ ಮಗಳ ಕಾಗದವನ್ನು ಹಿಡಿದು ನಿಂತಿದ್ದರು. ಬಾಗಿಲು ತೆರೆದೇ ಇತ್ತು, ನನಗೆ ಎಲ್ಲ ಕೇಳಿಸುತ್ತಿತ್ತು.

“ಅದು ತಪ್ಪು ಅಂತ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಯಾಕೆ ಬರೆದೆ?”

“ನೀವು ಹೇಳಿದ್ರಿ.”

ಮೇಲೆ ಕಾಗದ ಮಡಚುವ ಸದ್ದು ಕೇಳಿಸಿತು.

ಒಂದು ವರ್ಷವೇನು ದೊಡ್ಡದು, ಸಹಿ ಹಾಕದೆ ಸುಮ್ಮನಿದ್ದುಬಿಡಲಿ, ಮುಂದಿನ ವರ್ಷ ಅವಳು ಮತ್ತೆ ಅರ್ಜಿ ಹಾಕಲಿ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಇತರರ ಮಕ್ಕಳು ಏನಾದರೇನು ಎಂದೂ ಅನ್ನಿಸಿತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಗುರುವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅವರು ಬಂದರು. ಹನ್ನೊಂದು ಜನ ಗಂಡಸರು, ತಂದೆಯರು, ಸೋದರಮಾವಂದಿರು, ಮುಂದೆ ಹಿರಿಯ ಹಾಜಿ ಮಿಫ್ಲಿಹ್. ಮೆಟ್ಟಿಲ ಮೇಲೆ ಅಷ್ಟು ಭಾರದ ಹೆಜ್ಜೆಗಳನ್ನು ನಾನು ಕೇಳಿರಲಿಲ್ಲ. ಮಕ್ಕಳ ಹೆಜ್ಜೆ ಹಾಗಿರುವುದಿಲ್ಲ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಾನು ಸನಾಬಿಲ್‌ಗೆ ಕೈಜೋಡಿಸಲು ಮೇಲೆ ಹೋದೆ. ಅವಳು ಏಲಕ್ಕಿ ಕುಟ್ಟಿ ಹಾಕಿ ಕಾಫಿ ಕಾಸಿ ಒಳಗೆ ಕೊಟ್ಟಳು. ಹನ್ನೊಂದು ಪುಟ್ಟ ಬಟ್ಟಲುಗಳನ್ನು ಹನ್ನೊಂದು ಜನ ನೆಲದ ಮೇಲೆ ತಮ್ಮ ಮುಂದೆ ಇಟ್ಟುಕೊಂಡರು. ಕುಡಿಯಲಿಲ್ಲ. ಬಂದ ಕೆಲಸಕ್ಕೆ ಹೂಂ ಅನ್ನಿಸಿಕೊಳ್ಳುವ ತನಕ ಕುಡಿಯುವುದಿಲ್ಲ. ಕುಡಿಯದೆ ಎದ್ದು ಹೋದರೆ ಆ ಮನೆಗೆ ಈ ಊರಿನಲ್ಲಿ ಇನ್ನು ಮದುವೆಯಿಲ್ಲ, ಮಣ್ಣಿಗೂ ಜನ ಬರುವುದಿಲ್ಲ.

“ಉಸ್ತಾದ್, ಕಾಫಿ ಕುಡಿಯೋ ಹಾಗೆ ಮಾಡಿ,” ಎಂದ ಹಾಜಿ.

“ಹಾಳೆ ಯಾರದು ಅಂತ ಅವರಿಗೆ ಗೊತ್ತೇ ಇದೆ ಹಾಜಿ. ಅವರ ಮನುಷ್ಯನೇ ಬಂದು ಒಯ್ದಿದಾನೆ.”

“ಗೊತ್ತಿರೋದು ಬೇರೆ, ಸಹಿ ಬೇರೆ. ಇದು ನಿಮಗೂ ಗೊತ್ತು. ನಮ್ಮ ಮಕ್ಕಳನ್ನ ಓದಿಸಿ ಅಂತ ಬಿಟ್ಟೆವು, ಹೊತ್ಕೊಂಡು ಬನ್ನಿ ಅಂತ ಬಿಡಲಿಲ್ಲ.”

“ಹೊತ್ಕೊಂಡು ಬಂದಾಗ ನೀವೆಲ್ಲ ಸಿಹಿ ಹಂಚಿದ್ರಿ,” ಎಂದರು ಉಸ್ತಾದ್.

“ಹಂಚಿದೆವು,” ಎಂದ ಹಾಜಿ. “ಅದಕ್ಕೇ ಕೂಗಾಡದೆ ಕೂತಿದೀವಿ.”

ಕಾಫಿಯ ಮೇಲಿನ ಹಬೆ ನಿಂತಿತು. ಉಸ್ತಾದ್ ಬಾಗಿಲ ಕಡೆ ನೋಡಿದರು, ಅಲ್ಲಿ ತಟ್ಟೆ ಹಿಡಿದು ಮಗಳು ನಿಂತಿದ್ದಳು. ಬಂದವರೇ ಬೇಡವೆನ್ನಲಿ ಎಂದು ಉಸ್ತಾದ್ ಕಾಯುತ್ತಿದ್ದರೋ, ಅವಳೇ ಬೇಡವೆನ್ನಲಿ ಎಂದೋ, ನನಗೆ ಇಂದಿಗೂ ತಿಳಿದಿಲ್ಲ.

“ಕಾಫಿ ಆರ್ತಾ ಇದೆ ಅಪ್ಪ,” ಎಂದಳು ಸನಾಬಿಲ್.

ಉಸ್ತಾದ್ ಬಲಗೈಯನ್ನು ಎದೆಗಿಟ್ಟುಕೊಂಡರು. “ಕುಡೀರಿ,” ಎಂದರು. ಹನ್ನೊಂದು ಬಟ್ಟಲು ಒಟ್ಟಿಗೆ ಎದ್ದವು. ಗುಟುಕಿನ ಸದ್ದು ನನಗೆ ಒಳಮನೆಯವರೆಗೆ ಕೇಳಿಸಿತು.

ಭಾನುವಾರ ಅವರು ಕೇಂದ್ರಕ್ಕೆ ಹೋಗಿ ಬಂದರು. ಮೇಜಿನ ಆ ಕಡೆ ಕೂತಿದ್ದವನು ಅದೇ ಬೂಟಿನವನಂತೆ. ಎದ್ದು ನಿಂತು ಕುರ್ಚಿ ಕೊಟ್ಟನಂತೆ, ನನ್ನ ಅಣ್ಣನೂ ನಿಮ್ಮ ವಿದ್ಯಾರ್ಥಿಯೇ, ಈಗ ಗ್ಲಾಸ್ಗೋದಲ್ಲಿದ್ದಾನೆ ಎಂದನಂತೆ. ಆಮೇಲೆ ಪೆನ್ನು ಕೊಟ್ಟನಂತೆ. ಇದನ್ನು ಉಸ್ತಾದ್ ನನಗೆ ಹೇಳಿದ್ದು ಒಂದೇ ಸಲ, ಮೆಟ್ಟಿಲ ಮೇಲೆ ನಿಂತುಕೊಂಡೇ.

ಜೂನಿನ ಪರೀಕ್ಷೆಗೆ ಮೂವತ್ತು ಹೆಸರುಗಳ ಪಟ್ಟಿ ಬಂತು. ಸನಾಬಿಲ್ ನಾತೂರ್ ಎಂಬ ಹೆಸರು ಅದರಲ್ಲಿರಲಿಲ್ಲ.

ಮಂಗಳವಾರ ನಮ್ಮ ಬೀದಿಗೆ ನೀರು ಬಿಡುವ ದಿನ. ಬೆಳಗ್ಗೆ ಮಾಳಿಗೆಯ ತೊಟ್ಟಿ ತುಂಬಿ ಚೆಲ್ಲುವ ಸದ್ದು ಕೇಳಿ ನಾನು ಬಾಗಿಲು ತೆರೆದೆ. ಸನಾಬಿಲ್ ಮೇಲಿನ ಮೆಟ್ಟಿಲಿನಿಂದ ನೀರು ಸುರಿಯುತ್ತ, ರಬ್ಬರಿನ ಉದ್ದ ಕೋಲಿನಿಂದ ಕೆಳಕ್ಕೆ ತಳ್ಳುತ್ತ ಬರುತ್ತಿದ್ದಳು. ತಿಂಗಳುಗಳ ಧೂಳು ಕಂದು ನೀರಾಗಿ ಇಳಿಯುತ್ತಿತ್ತು.

“ಖಾಲ್ತಿ, ಚಪ್ಪಲಿ ಒಳಗೆ ಎಳ್ಕೊಳಿ, ನೆನೆಯತ್ತೆ.”

ನಾನು ಎಳೆದುಕೊಂಡೆ. ನನ್ನ ಹೊಸ್ತಿಲಿನಿಂದ ಕೆಳಗಿನದನ್ನು ನಾನೇ ತೊಳೆಯುತ್ತೇನೆಂದು ಬಕೆಟ್ಟು ಹಿಡಿದು ಹೊರಬಂದೆ. ನಾಲ್ಕನೆಯ ಮೆಟ್ಟಿಲಲ್ಲಿ ಉಸ್ತಾದ್ ಹಲಗೆಯಿಲ್ಲದೆ ಬರಿಗೈಯಲ್ಲಿ ಕೂತಿದ್ದರು.

“ಸ್ವಲ್ಪ ಏಳಿ ಉಸ್ತಾದ್, ನೀರು ಬರ್ತಿದೆ.”

ಅವರು ಗೋಡೆ ಹಿಡಿದು ಎದ್ದು ಪಕ್ಕಕ್ಕೆ ನಿಂತರು. ನಾನು ಆ ಮೆಟ್ಟಿಲಿಗೆ ಎರಡು ತಂಬಿಗೆ ನೀರು ಹಾಕಿ, ಪೊರಕೆಯಿಂದ ಮೂಲೆಯವರೆಗೆ ತಿಕ್ಕಿದೆ.